ಪದಬಂಧದ ಸುಳಿವು: ಒಗಟೂ ನ್ಯಾಯವೂ
(ಶತಮಾನೋತ್ಸವ ಉಪನ್ಯಾಸಮಾಲೆಯಲ್ಲಿ ನೀಡಿದ ಭಾಷಣ)



ಗಡಿನಾಡಿನ ಕನ್ನಡದ ಅಳಿವು ಉಳಿವಿನ ಕುರಿತು ಈ ವೇದಿಕೆಯಿಂದ ಹಿರಿಯರು ಮಾತನಾಡಿದ್ದಾರೆ. ನಾನು ಆಯ್ದುಕೊಂಡ ವಿಷಯ ಹಗುರವೆಂದು ತೋರೀತು: ಪದಬಂಧದ ಸುಳಿವನ್ನು ಬರೆಯುವ ಕಲೆ. ಬಿಡಿಸುವುದಲ್ಲ, ಬರೆಯುವುದು.

ಪದಬಂಧವು ಹುಟ್ಟಿದ್ದು ಅಮೆರಿಕೆಯಲ್ಲಿ, 1913ರ ಡಿಸೆಂಬರಿನಲ್ಲಿ. ಅದನ್ನು ಒಗಟಿನ ಕಲೆಯಾಗಿ ಬೆಳೆಸಿದವರು ಇಂಗ್ಲೆಂಡಿನವರು. ಲಂಡನ್ನಿನ ‘ಅಬ್ಸರ್ವರ್’ ಪತ್ರಿಕೆಯಲ್ಲಿ 1926ರಿಂದ ಎಡ್ವರ್ಡ್ ಪೋವಿಸ್ ಮ್ಯಾಥರ್ಸ್ ‘ಟಾರ್ಕೆಮಾಡ’ ಎಂಬ ಗುಪ್ತನಾಮದಲ್ಲಿ ಪದಬಂಧ ರಚಿಸಿದರು. 1939ರಲ್ಲಿ ಅವರು ತೀರಿಕೊಂಡ ಬಳಿಕ ಆ ಸ್ಥಾನಕ್ಕೆ ಬಂದ ‘ಕ್ಸಿಮೆನೀಸ್’, ಅಂದರೆ ಡೆರಿಕ್ ಮ್ಯಾಕ್ನಟ್, ಗ್ರೀಕ್ ಲ್ಯಾಟಿನ್ ಕಲಿಸುತ್ತಿದ್ದ ಶಾಲಾ ಉಪಾಧ್ಯಾಯರು. (ಇಲ್ಲಿ ಕುಳಿತಿರುವ ಅಧ್ಯಾಪಕರು ಇದನ್ನು ಗಮನಿಸಬೇಕು.) 1972ರಿಂದ ಜೊನಾಥನ್ ಕ್ರೌದರ್ ‘ಅಝೆಡ್’ ಆದರು. ಸ್ಪೇನಿನ ಧರ್ಮವಿಚಾರಣಾಧಿಕಾರಿ ಡೆಝಾನ ಹೆಸರನ್ನು ಇಂಗ್ಲಿಷಿನಲ್ಲಿ ಹಿಂದುಮುಂದಾಗಿಸಿದರೆ ಅಝೆಡ್. ಕನ್ನಡದಲ್ಲಿ ಹಾಗೆಯೇ ಮಾಡಿದರೆ ‘ಝಾಡೆ’ಯಾಗುತ್ತದೆ! ನಮ್ಮ ಲಿಪಿಯ ಸ್ವಭಾವವೇ ಬೇರೆ. ಅದಕ್ಕೆ ಮತ್ತೆ ಬರುತ್ತೇನೆ.

ಈ ಪದಬಂಧದೊಳಗೊಂದು ಸ್ಪರ್ಧೆಯಿತ್ತು. ಒಂದು ಪದಕ್ಕೆ ಬರಿಯ ಅರ್ಥವನ್ನಷ್ಟೇ ಅಚ್ಚು ಮಾಡುತ್ತಿದ್ದರು. ಓದುಗರು ಅದನ್ನು ಬಿಡಿಸಿ, ಆ ಪದಕ್ಕೆ ತಾವೇ ಗೂಢವಾದ ಸುಳಿವನ್ನು ಬರೆದು ಕಳುಹಿಸಬೇಕು. ತೀರ್ಪುಗಾರರು ಉತ್ತಮವಾದವುಗಳನ್ನು ಆರಿಸಿ, ಸೋತವು ಏಕೆ ಸೋತವೆಂಬುದನ್ನೂ ಚರ್ಚಿಸಿ ಬರೆಯುತ್ತಿದ್ದರು. ನನ್ನ ದೃಷ್ಟಿಯಲ್ಲಿ ಬಹುಮಾನಕ್ಕಿಂತ ಈ ಚರ್ಚೆಯೇ ದೊಡ್ಡದು.

ಮ್ಯಾಕ್ನಟ್ ಎತ್ತಿಹಿಡಿದ ನಿಯಮವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ಸುಳಿವಿನಲ್ಲಿ ಒಂದು ಭಾಗ ಉತ್ತರದ ನೇರ ಅರ್ಥ, ಇನ್ನೊಂದು ಭಾಗ ಆ ಪದವನ್ನು ಕಟ್ಟುವ ಬಗೆ. ಇವೆರಡನ್ನು ಬಿಟ್ಟು ಮೂರನೆಯದೇನೂ ಇರಕೂಡದು. ಒಂದು ಉದಾಹರಣೆಯನ್ನು ಕಟ್ಟಿದ್ದೇನೆ: ‘ಬಾಲಕ ಮಲಗಿದಲ್ಲಿ ಅಡಗಿದ ಹೂವು’, ಮೂರು ಅಕ್ಷರ. ಹೂವು ಎಂಬುದು ಅರ್ಥ. ‘ಬಾಲಕ ಮಲಗಿದ’ ಎಂಬ ಅಕ್ಷರಗಳ ನಡುವೆ ‘ಕಮಲ’ ಅಡಗಿದೆ. ಚಂದಕ್ಕೆಂದು ‘ಮುದ್ದು ಬಾಲಕ’ ಎಂದು ಬರೆದರೆ ‘ಮುದ್ದು’ ಎಂಬ ಪದಕ್ಕೆ ಕೆಲಸವಿಲ್ಲ; ಅಂತಹ ಸುಳಿವು ಬಿಡಿಸುವವನಿಗೆ ಮಾಡಿದ ಅನ್ಯಾಯ. ದಾರಿ ತಪ್ಪಿಸುವ ಹಕ್ಕು ಬರೆಯುವವನಿಗೆ ಉಂಟು. ಸುಳ್ಳು ಹೇಳುವ ಹಕ್ಕಿಲ್ಲ.

ಕನ್ನಡದಲ್ಲಿ ಇದು ಇಂಗ್ಲಿಷಿಗಿಂತ ಕಠಿಣ. ಅಲ್ಲಿ ಬಿಡಿ ಅಕ್ಷರಗಳನ್ನು ಕಲಸಿ ಹೊಸ ಪದ ಮಾಡುವುದು ಸುಲಭ. ನಮ್ಮ ಮನೆಯೊಂದರಲ್ಲಿ ಕೂರುವುದು ಗುಣಿತ, ಒತ್ತುಗಳೊಡನೆ ಇಡಿಯ ಅಕ್ಷರ. ‘ಕಿ’ ಎಂದಿಗೂ ‘ಕ’ ಆಗದು. ಅದಕ್ಕಿಂತ ದೊಡ್ಡ ತೊಡಕು ವಿಭಕ್ತಿ. ‘ಅರಸು’ ಎಂಬ ಪದಕ್ಕೆ ದೊರೆ, ಹುಡುಕು ಎಂಬ ಎರಡರ್ಥಗಳಿವೆ. ‘ದೊರೆಯನ್ನು ಹುಡುಕು’ ಎಂದು ಬರೆದರೆ ಓದಲು ಸಹಜ, ಆದರೆ ‘ಅನ್ನು’ ಪ್ರತ್ಯಯವು ಲೆಕ್ಕಕ್ಕೆ ಸಿಗದೆ ಉಳಿಯುತ್ತದೆ. ‘ದೊರೆ, ಹುಡುಕು!’ ಎಂದರೆ ಸಂಬೋಧನೆ; ಎರಡು ಪದಗಳೂ ಶುದ್ಧವಾಗಿ ನಿಂತವು. ಒಂದು ಅಲ್ಪವಿರಾಮ ಇಷ್ಟು ಕೆಲಸ ಮಾಡಿತು. ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡಿ ಬೇಸತ್ತ ಮಗು ಇಂತಹ ಐದು ಸುಳಿವು ಬರೆಯಲಿ. ಪ್ರತ್ಯಯವೆಂದರೇನೆಂದು ಮತ್ತೆ ಹೇಳಿಕೊಡಬೇಕಾಗದು. ದಂಡಿಯು ತನ್ನ ‘ಕಾವ್ಯಾದರ್ಶ’ದ ಮೂರನೆಯ ಪರಿಚ್ಛೇದದಲ್ಲಿ 16 ಬಗೆಯ ಪ್ರಹೇಳಿಕೆಗಳನ್ನು ಹೇಳಿ, ವಿನೋದಗೋಷ್ಠಿಯಲ್ಲಿ ಅವು ಉಪಯುಕ್ತವೆಂದಿದ್ದಾನೆ. ಆಟವನ್ನು ಶಾಸ್ತ್ರದಿಂದ ಹೊರಗಿಟ್ಟವರು ನಮ್ಮ ಹಿರಿಯರಲ್ಲ.

ನಮ್ಮ ಕಾಸರಗೋಡಿನ ಮಕ್ಕಳಿಗೆ ಮನೆಯಲ್ಲಿ ತುಳುವೋ ಕೊಂಕಣಿಯೋ, ಪೇಟೆಯಲ್ಲಿ ಮಲಯಾಳ, ಕನ್ನಡ ತರಗತಿಯಲ್ಲಿ. ಅಂಕಗಳಿಗಾಗಿ ಮಾತ್ರ ಮುಟ್ಟುವ ಭಾಷೆಯನ್ನು ಪರೀಕ್ಷೆ ಮುಗಿದ ದಿನವೇ ಕೆಳಗಿಡುತ್ತಾರೆ. ಆದುದರಿಂದ ನಮ್ಮ ಶಾಲೆಯ ಗೋಡೆಪತ್ರಿಕೆಯಲ್ಲಿ ಸುಳಿವು ಬರೆಯುವ ಸ್ಪರ್ಧೆ ನಡೆಯಬೇಕೆಂಬುದು ನನ್ನ ಬೇಡಿಕೆ. ಅಲ್ಲಿ ಒಂದು ಪ್ರಶ್ನೆ ಏಳುತ್ತದೆ: ಯಾವ ಪದ ಸಲ್ಲುತ್ತದೆ? ಅಝೆಡ್‌ಗೆ ಚೇಂಬರ್ಸ್ ನಿಘಂಟು ಪ್ರಮಾಣವಾಗಿತ್ತು. ನಮಗೆ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳಿವೆ, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿದೆ. ಆದರೂ ನಮ್ಮ ಮಗು ‘ಬೊಂಡ’ವೆಂದರೆ ಎಳನೀರು ಎಂದು ಬರೆದಾಗ, ಬೆಂಗಳೂರಿನ ತೀರ್ಪುಗಾರ ಎಣ್ಣೆಯಲ್ಲಿ ಕರಿದದ್ದನ್ನು ನೆನೆದು ತಪ್ಪೆಂದಾನು. ಇಲ್ಲಿಯ ಸ್ಪರ್ಧೆಯಲ್ಲಿ ಊರಿನ ಪದಕ್ಕೂ ಸ್ಥಾನವಿರಲಿ, ಆದರೆ ಅದನ್ನು ಮೊದಲೇ ಸಾರಿರಬೇಕು. ತಿರಸ್ಕರಿಸಿದ ಪ್ರತಿಯೊಂದು ಸುಳಿವಿಗೂ ಕಾರಣವನ್ನು ಬರೆದು ಅಂಟಿಸಬೇಕು. ಕಾರಣ ಕೊಡಲಾಗದ ತೀರ್ಪುಗಾರನು ಆ ಸುಳಿವನ್ನು ಒಪ್ಪಿಕೊಳ್ಳಲಿ.

ಮೊದಲ ಪದವನ್ನು ನಾನೇ ಕೊಡುತ್ತೇನೆ: ‘ಶತಮಾನ’. ನೂರು ಮತ್ತು ಗೌರವ ಸೇರಿದವೆಂದು ಎಲ್ಲರಿಗೂ ಹೊಳೆಯುತ್ತದೆ; ಆದರೆ ಅರ್ಥದಲ್ಲಿರುವ ನೂರನ್ನೇ ಪದ ಕಟ್ಟಲು ಮತ್ತೊಮ್ಮೆ ಬಳಸಿದಂತಾಯಿತು, ಅದು ಬೇಡ. ಬೇರೆ ದಾರಿ ಹುಡುಕಿ, ಪ್ರತಿ ಪದದ ಲೆಕ್ಕವನ್ನೂ ಕೆಳಗೆ ಬರೆದು, ಕನ್ನಡ ಅಧ್ಯಾಪಕರ ಕೈಗೆ ಕೊಡಿ. ಪೋಷಕರೂ ಭಾಗವಹಿಸಬಹುದು.