ಹಿಮದ ಮೇಲೆ ಪಾಕ

ಕೆನಡಾದ ಬಾವುಟದ ನಡುವೆ ಒಂದು ಕೆಂಪು ಎಲೆಯಿದೆ. ಅದು ಮೇಪಲ್ ಮರದ ಎಲೆ. ಆ ದೇಶದ ಕ್ವಿಬೆಕ್ ಪ್ರಾಂತ್ಯದಲ್ಲಿ ಚಳಿ ಇಳಿಮುಖವಾಗುವ ಮಾರ್ಚ್, ಏಪ್ರಿಲ್ ಹೊತ್ತಿಗೆ ಜನ ಮಕ್ಕಳುಮರಿಯೊಡನೆ, ಈ ಮರದ ರಸ ಕುದಿಸಿ ಪಾಕ ಮಾಡುವ ಕಾಡಿನ ಸಕ್ಕರೆಮನೆಗಳಿಗೆ ಹೋಗುತ್ತಾರೆ. ಅಲ್ಲಿ ಉದ್ದನೆಯ ಮರದ ತೊಟ್ಟಿಯ ತುಂಬ ಶುಭ್ರವಾದ ಹಿಮ. ಅದರ ಮೇಲೆ ಬಿಸಿಬಿಸಿ ಮೇಪಲ್ ಪಾಕವನ್ನು ಗೆರೆ ಎಳೆದ ಹಾಗೆ ಹುಯ್ಯುತ್ತಾರೆ. ನೋಡನೋಡುತ್ತಲೇ ಅದು ಅಂಟುಮಿಠಾಯಿಯಾಗುತ್ತದೆ. ಕಡ್ಡಿಗೆ ಸುತ್ತಿಕೊಂಡು ನಿಂತಲ್ಲೇ ತಿನ್ನುತ್ತಾರೆ.

ನಮ್ಮ ಆಲೆಮನೆ ಕಂಡವರಿಗೆ ಇದು ಅಪರಿಚಿತವೆನಿಸದು. ಕಬ್ಬಿನ ಹಾಲಿನ ಬದಲು ಅಲ್ಲಿ ಮರದ ರಸ. ಉಳಿದಂತೆ ಉರಿಯುವ ಒಲೆ, ಮೇಲೇಳುವ ಹಬೆ, ಸುತ್ತ ಕಾದು ನಿಂತ ಮಕ್ಕಳು, ಎಲ್ಲವೂ ಒಂದೇ. ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನಾವು ಹದ ನೋಡುತ್ತೇವೆ. ಅಲ್ಲಿ ಹಿಮವೇ ಹದ ಹೇಳುತ್ತದೆ.

ಆ ಹದ ಶುರುವಾಗುವುದು ಮರದಲ್ಲೇ. ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ, ಹಗಲು ಹಿಮ ಕರಗುವಷ್ಟು ಬಿಸಿಲು, ಎರಡೂ ಕೂಡಿ ಬಂದರೆ ಮಾತ್ರ ರಸ ಚೆನ್ನಾಗಿ ಇಳಿಯುತ್ತದೆ. ಅದರಲ್ಲಿ ಸಕ್ಕರೆಯ ಅಂಶ ನೂರಕ್ಕೆ ಸುಮಾರು 2 ಭಾಗ, ಅಷ್ಟೇ. ಹೆಚ್ಚುಕಡಿಮೆ 40 ಲೀಟರ್ ರಸ ಕುದಿಸಿದರೆ 1 ಲೀಟರ್ ಸಿರಪ್. ಹಿಮದ ಮೇಲೆ ಹುಯ್ಯಲು ಅದನ್ನು ಮತ್ತೆ ಸುಮಾರು 113 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಎಳೆಪಾಕವಾದರೆ ಹಿಮದೊಳಗೆ ಇಂಗಿಹೋಗುತ್ತದೆ. ಪಾಕ ಮೀರಿದರೆ ಹಲ್ಲಿಗೆ ಬಗ್ಗದಷ್ಟು ಗಟ್ಟಿಯಾಗುತ್ತದೆ.

ಮರದಿಂದ ಪಡೆಯುವುದಕ್ಕೂ ಹದವುಂಟು. ಕಾಂಡ ಸಾಕಷ್ಟು ದಪ್ಪವಾಗುವವರೆಗೆ, ಎಂದರೆ ಹಲವು ದಶಕ, ಮರವನ್ನು ಮುಟ್ಟುವುದಿಲ್ಲ. ಆಮೇಲೂ ವರ್ಷಕ್ಕೆ ಒಂದೋ ಎರಡೋ ಚಿಕ್ಕ ರಂಧ್ರ. ಮರುವರ್ಷ ಬೇರೆ ಜಾಗದಲ್ಲಿ. ಹಳೆಯ ಗಾಯ ಮಾಯಲು ಬಿಡುತ್ತಾರೆ. ಹಾಗಾಗಿ ಅಜ್ಜ ರಸ ಇಳಿಸಿದ ಮರ ಮೊಮ್ಮಗನಿಗೂ ರಸ ಕೊಡುತ್ತದೆ. ಯುರೋಪಿನವರು ಬರುವ ಮೊದಲೇ ಮೇಪಲ್ ಸಿಹಿಯನ್ನು ಅರಿತಿದ್ದವರು ಅನಿಶಿನಾಬೆ, ಅಬೆನಾಕಿ ಮೊದಲಾದ ಅಲ್ಲಿನ ಮೂಲನಿವಾಸಿಗಳು. ಆ ಋಣವನ್ನು ಮರೆಯಬಾರದು.

ಪಕ್ಕದ ಅಮೆರಿಕದ ವರ್ಮಾಂಟ್‌ನಲ್ಲಿ ಈ ಮಿಠಾಯಿಯ ಜೊತೆಗೆ ಸೌತೆಯ ಹುಳಿ ಉಪ್ಪಿನಕಾಯಿ ಕೊಡುವ ವಾಡಿಕೆಯಿದೆ. ಸಿಹಿ ಬಾಯಿಕಟ್ಟದಂತೆ ನಡುನಡುವೆ ಹುಳಿ. ಅದೂ ಒಂದು ಹದ.

ಅಂಗಡಿಯಿಂದ ಪೊಟ್ಟಣದಲ್ಲಿ ಬರುವ ಸಿಹಿಗೆ ಕಾಯುವ ಕೆಲಸವಿಲ್ಲ. ಅದರ ಹಿಂದಿನ ಮರ, ಗದ್ದೆ, ಬೆಂಕಿ, ಬೆವರು ನಮ್ಮ ಮಕ್ಕಳಿಗೆ ಕಾಣುವುದೂ ಇಲ್ಲ. ನಮ್ಮಲ್ಲಿ ಹಿಮ ಬೀಳದಿರಬಹುದು, ಆದರೆ ಆಲೆಮನೆಗಳು ಇನ್ನೂ ಉಳಿದಿವೆ. ಈ ಸಲ ಕಬ್ಬು ಅರೆಯುವ ಕಾಲ ಬಂದಾಗ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ. ಕೊಪ್ಪರಿಗೆಯ ಪಕ್ಕ ನಿಂತು, ಪಾಕ ಹದಕ್ಕೆ ಬರುವವರೆಗೆ ಅವರೂ ಕಾಯಲಿ. ಆಮೇಲೆ ನಾಲಗೆಗೆ ತಾಗುವ ಆ ಬಿಸಿಬೆಲ್ಲದ ರುಚಿಯನ್ನು ಅವರು ಬಾಳಿಡೀ ಮರೆಯಲಾರರು.