ಸ್ಕ್ವಾಡ್ರನ್ ಲೀಡರ್: ಒಂದು ದರ್ಜೆಯ ಚರಿತ್ರೆ



ವಾಯುಪಡೆಯ ಅಧಿಕಾರಿಯೊಬ್ಬರ ಹೆಗಲ ಮೇಲೆ ಎರಡು ಅಗಲ ಪಟ್ಟಿ, ಅವುಗಳ ನಡುವೆ ಒಂದು ತೆಳುಪಟ್ಟಿ ಕಂಡರೆ ಅವರು ಸ್ಕ್ವಾಡ್ರನ್ ಲೀಡರ್. ಭೂಸೇನೆಯ ಮೇಜರ್‌ಗೆ ಸಮನಾದ ದರ್ಜೆ ಇದು.

1918ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಹುಟ್ಟಿದಾಗ ಅದರ ಅಧಿಕಾರಿಗಳಿಗೆ ಭೂಸೇನೆಯ ಪದನಾಮಗಳೇ ಇದ್ದವು. ಮರುವರ್ಷದ ಆಗಸ್ಟ್‌ನಲ್ಲಿ ಅದು ತನ್ನದೇ ದರ್ಜೆಗಳನ್ನು ರೂಪಿಸಿಕೊಂಡಿತು. ಮೇಜರ್‌ಗಳು ಸ್ಕ್ವಾಡ್ರನ್ ಲೀಡರ್‌ಗಳಾದರು. 1932ರ ಅಕ್ಟೋಬರ್ 8ರಂದು ಸ್ಥಾಪನೆಯಾದ ನಮ್ಮ ವಾಯುಪಡೆಗೂ ಅದೇ ಪದ್ಧತಿ ಬಂತು. ಆದರೆ ಭಾರತೀಯರೊಬ್ಬರು ಸ್ಕ್ವಾಡ್ರನ್ನಿನ, ಅಂದರೆ ಯುದ್ಧವಿಮಾನಗಳ ತುಕಡಿಯ, ಚುಕ್ಕಾಣಿ ಹಿಡಿಯಲು 1939ರವರೆಗೆ ಕಾಯಬೇಕಾಯಿತು. ಆ ವರ್ಷ ಒಂದನೇ ಸ್ಕ್ವಾಡ್ರನ್ನಿನ ಹೊಣೆ ಹೊತ್ತವರು ಸುಬ್ರತೋ ಮುಖರ್ಜಿ. 1944ರಲ್ಲಿ ಇಂಫಾಲ್ ಸಮರದಲ್ಲಿ ಅದೇ ಸ್ಕ್ವಾಡ್ರನ್ನನ್ನು ಮುನ್ನಡೆಸಿದವರು ಸ್ಕ್ವಾಡ್ರನ್ ಲೀಡರ್ ಅರ್ಜನ್ ಸಿಂಗ್. ಇಬ್ಬರೂ ಮುಂದೆ ವಾಯುಪಡೆಯ ಮುಖ್ಯಸ್ಥರಾದರು.

ಕಾಲ ಸರಿದಂತೆ ವಿಮಾನಗಳು ಜಟಿಲವಾದವು. ಸ್ಕ್ವಾಡ್ರನ್ನಿನ ಆಡಳಿತ ವಿಂಗ್ ಕಮಾಂಡರ್ ಮತ್ತು ಅವರಿಗಿಂತ ಹಿರಿಯರ ಪಾಲಾಯಿತು. ಸ್ಕ್ವಾಡ್ರನ್ ಲೀಡರ್ ಈಗ ಅವರ ಬಲಗೈ: ಕಿರಿಯ ಪೈಲಟ್‌ಗಳನ್ನು ಪಳಗಿಸುವವರು, ಆಗಸದಲ್ಲಿ ತಂಡವನ್ನು ನಡೆಸುವವರು. 1984ರಲ್ಲಿ ಬಾಹ್ಯಾಕಾಶಕ್ಕೆ ಹೋದ ರಾಕೇಶ್ ಶರ್ಮಾ ಆಗ ಸ್ಕ್ವಾಡ್ರನ್ ಲೀಡರ್ ಆಗಿದ್ದರು.

ಈ ದರ್ಜೆಯ ತೂಕವನ್ನು ಕನ್ನಡನಾಡಿಗೆ ತೋರಿಸಿಕೊಟ್ಟವರು ಕೊಡಗಿನ ಅಜ್ಜಮಾಡ ದೇವಯ್ಯ. 1965ರ ಭಾರತ-ಪಾಕ್ ಯುದ್ಧದ ವೇಳೆ, ಸೆಪ್ಟೆಂಬರ್ 7ರ ಮುಂಜಾನೆ, ಅದೇ ಒಂದನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರಗೋಧಾ ನೆಲೆಯ ಮೇಲೆ ಎರಗಿದವು. ದಾಳಿಯ ನಾಯಕತ್ವ ವಿಂಗ್ ಕಮಾಂಡರ್ ತನೇಜಾ ಅವರದು. ದೇವಯ್ಯ ಬದಲಿ ಪೈಲಟ್ ಆಗಿ ಹೊರಟವರು. ಮರಳುವ ಹಾದಿಯಲ್ಲಿ ಶಬ್ದದ ಎರಡು ಪಟ್ಟು ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ವಿಮಾನವೊಂದು ಬೆನ್ನಟ್ಟಿ ಗುಂಡಿನ ಮಳೆಗರೆಯಿತು. ಏಟು ತಿಂದ ನಿಧಾನಗತಿಯ ವಿಮಾನದಲ್ಲೇ ದೇವಯ್ಯ ತಿರುಗಿಬಿದ್ದು ಅದನ್ನು ಹೊಡೆದುರುಳಿಸಿದರು. ಅದರ ಪೈಲಟ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡರು. ದೇವಯ್ಯ ಹಿಂದಿರುಗಲಿಲ್ಲ. ಅಲ್ಲಿ ನಡೆದದ್ದೇನೆಂದು ನಮ್ಮವರಿಗೆ ತಿಳಿಯಲು ವರ್ಷಗಳೇ ಹಿಡಿದವು. 1988ರಲ್ಲಿ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು.

ದರ್ಜೆಯನ್ನು ಸರ್ಕಾರ ಕೊಡುತ್ತದೆ. ಅದಕ್ಕೆ ಗೌರವವನ್ನು ತಂದುಕೊಡುವವರು ಅದನ್ನು ಧರಿಸಿದವರು. ವಾಯುಪಡೆ ಸೇರಬೇಕೆಂಬ ಹಂಬಲದ ನಮ್ಮ ಹುಡುಗ ಹುಡುಗಿಯರಿಗೆ ಸಂಬಳ, ಸವಲತ್ತಿನ ವಿಚಾರ ಹೇಳುವ ಮೊದಲು ದೇವಯ್ಯನವರ ಕಥೆ ಹೇಳಿ.