ಅವಲಾಂಚಿಯ ಹಳ್ಳದಲ್ಲಿ ಗಾಳ ಹಾಕಿದ್ದು

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ಮೀನು ಹಿಡಿಯುವ ಮಾತೆತ್ತಿದರೆ ಹಿಂದಿನ ಸಾಲಿನ ಹಿರಿಯರು ಹುಬ್ಬೇರಿಸಿಯಾರು. ಕಾರ್ಯದರ್ಶಿಗಳು ನಮಗೆ ಒಪ್ಪಿಸಿದ ವಿಷಯ ‘ಹೊರನಾಡಿನಲ್ಲಿ ಕನ್ನಡ’. ಆ ವಿಷಯದ ಮೇಲೆ ವರ್ಷಕ್ಕೊಬ್ಬರು ಮಾತನಾಡುತ್ತಲೇ ಬಂದಿದ್ದಾರೆ. ನಾವೂ ಚಪ್ಪಾಳೆ ತಟ್ಟಿ, ಉಪ್ಪಿಟ್ಟು ತಿಂದು, ಮಕ್ಕಳನ್ನು ಕರೆದುಕೊಂಡು ಮನೆಗೆ ಹೋಗುತ್ತಲೇ ಬಂದಿದ್ದೇವೆ. ದಾರಿಯುದ್ದಕ್ಕೂ ಮಕ್ಕಳು ಮಾತಾಡುವುದು ಯಾವ ಭಾಷೆಯಲ್ಲೆಂಬುದು ನಿಮಗೆ ತಿಳಿದದ್ದೇ. ಆದ್ದರಿಂದ ಈ ಸಲ ಮೀನಿನಿಂದಲೇ ಹೊರಡುತ್ತೇವೆ. ವಿಷಯ ತಾನಾಗಿ ಬಂದು ಗಾಳಕ್ಕೆ ಸಿಕ್ಕರೆ ಸಿಗಲಿ.

1978ರ ಏಪ್ರಿಲ್ ತಿಂಗಳು. ಆಗ ಮದರಾಸೆಂದು ಕರೆಸಿಕೊಳ್ಳುತ್ತಿದ್ದ ಇದೇ ಊರಿನಿಂದ ನಾವು ನಾಲ್ವರು ಗೆಳೆಯರೂ, ನಮ್ಮಲ್ಲೊಬ್ಬರ ಹತ್ತು ವರ್ಷದ ಮಗನೂ ನೀಲಗಿರಿಗೆ ಹೊರಟೆವು. ನಾಲ್ವರಲ್ಲಿ ಇಬ್ಬರು ಹುಟ್ಟಿದಾರಭ್ಯ ಮೀನು ಮುಟ್ಟಿದವರಲ್ಲ. ಅವರು ಬುಟ್ಟಿ ಹೊರುವುದಕ್ಕೂ ಗಾಳಿ ಸೇವಿಸುವುದಕ್ಕೂ ಬಂದವರು. ಗಾಳದ ಹುಚ್ಚಿದ್ದದ್ದು ಒಬ್ಬರಿಗೆ ಮಾತ್ರ. ಯಾರೋ ಇಂಗ್ಲಿಷ್ ಅಧಿಕಾರಿ ಬಿಟ್ಟುಹೋದ ಬಿದಿರಿನ ಗಾಳಕೋಲೊಂದನ್ನು ಅವರು ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಂಡಿದ್ದರು. ರೈಲಿನ ಮಾತು ಬೇಡ. ಮೆಟ್ಟುಪಾಳ್ಯದಿಂದ ಹಲ್ಲುಹಳಿಯ ಮೇಲೆ ಏರುವ ಆ ಪುಟ್ಟ ಗಾಡಿಯನ್ನು ಸಿನಿಮಾದಲ್ಲಿ ಕಾಣದವರಿಲ್ಲ. ಉದಕಮಂಡಲದಲ್ಲಿ ಪರವಾನಗಿ ಚೀಟಿ ಪಡೆದು, ಮರುದಿನ ಬೆಳಗಿನ ಬಸ್ಸಿನಲ್ಲಿ ಅವಲಾಂಚಿಯ ಕಡೆಗೆ ಹೋದೆವು.

ಟ್ರೌಟ್ ಎಂಬುದು ನಮ್ಮ ನಾಡಿನ ಮೀನಲ್ಲ. ತಣ್ಣೀರಿಲ್ಲದೆ ಅದು ಬದುಕದು. ಹರಿಯುವ, ಕಲ್ಲಿಗೆ ಬಡಿದು ನೊರೆಯಾಗುವ, ಉಸಿರು ತುಂಬಿದ ನೀರೇ ಬೇಕು. ಇಂಗ್ಲಿಷರಿಗೆ ನೀಲಗಿರಿಯ ಹಳ್ಳಗಳನ್ನು ಕಂಡಾಗ ತಮ್ಮ ಊರು ನೆನಪಾಯಿತು. 1860ರ ದಶಕದಲ್ಲಿ ಫ್ರಾನ್ಸಿಸ್ ಡೇ ಎಂಬ ವೈದ್ಯರು, ಹಿಂದೂದೇಶದ ಮೀನುಗಳ ಮೇಲೆ ದೊಡ್ಡ ಗ್ರಂಥ ಬರೆದವರು, ಆ ಮೀನನ್ನು ಇಲ್ಲಿ ನೆಲೆಗೊಳಿಸಲು ಯತ್ನಿಸಿದರು, ಫಲಿಸಲಿಲ್ಲ. ಬಳಿಕ ಮದರಾಸು ಸರ್ಕಾರ ಎಚ್. ಸಿ. ವಿಲ್ಸನ್ ಎಂಬ ತಜ್ಞರನ್ನು ನೇಮಿಸಿತು. 1907ರಲ್ಲಿ ಅವಲಾಂಚಿಯಲ್ಲಿ ಮರಿಮನೆ ಎದ್ದಿತು. ಅಮೆರಿಕದ ಪಶ್ಚಿಮ ಕರಾವಳಿಯ ಮೂಲದ, ಮೈಯ ಪಕ್ಕದಲ್ಲಿ ಕೆಂಪು ಪಟ್ಟೆಯುಳ್ಳ ‘ಮಳೆಬಿಲ್ಲಿನ ಟ್ರೌಟು’ ಇಲ್ಲಿ ಬೇರೂರಿತು. ಕಂದು ಟ್ರೌಟಿಗಿಂತ ಇದು ಬಿಸಿಯನ್ನು ಸ್ವಲ್ಪ ಹೆಚ್ಚು ತಾಳಬಲ್ಲದು. ಅದೇ ಅದರ ಪುಣ್ಯ. ಚಳಿಗಾಲದಲ್ಲಿ ಹೆಣ್ಣುಮೀನಿನ ಹೊಟ್ಟೆಯನ್ನು ಮೆಲ್ಲನೆ ಒತ್ತಿ ಮೊಟ್ಟೆ ಇಳಿಸಿಕೊಂಡು, ಗಂಡುಮೀನಿನ ಹಾಲನ್ನು ಅದಕ್ಕೆ ಬೆರೆಸಿ, ಹರಿಯುವ ನೀರಿನ ತೊಟ್ಟಿಗಳಲ್ಲಿ ಮರಿ ಮಾಡಿಸುತ್ತಾರೆ.

ಈ ಮೀನನ್ನು ಹಿಡಿಯುವ ರೀತಿಯೇ ಬೇರೆ. ನಮ್ಮ ಕೆರೆಯ ಹುಡುಗರು ಎರೆಹುಳು ಚುಚ್ಚಿ ದಾರ ಬಿಟ್ಟು ಮರದಡಿ ನಿದ್ದೆ ಹೊಡೆಯುತ್ತಾರಲ್ಲ, ಅದು ಇಲ್ಲಿ ನಡೆಯದು. ಕೊಕ್ಕೆಗೆ ಹಕ್ಕಿಯ ಗರಿ, ರೇಷ್ಮೆಯ ಎಳೆ ಸುತ್ತಿ ನೊಣದಂತೆ ಕಾಣುವ ಹಾಗೆ ಮಾಡಿರುತ್ತಾರೆ. ಆ ನೊಣಕ್ಕೆ ತೂಕವೆಂಬುದಿಲ್ಲ. ಸಾಧಾರಣ ಗಾಳದಲ್ಲಿ ತುದಿಯ ಭಾರವೇ ದಾರವನ್ನು ಎಳೆದೊಯ್ಯುತ್ತದೆ. ಇಲ್ಲಿ ದಪ್ಪ ದಾರವೇ ಭಾರ, ಅದೇ ನೊಣವನ್ನು ಹೊತ್ತೊಯ್ಯಬೇಕು. ಕೋಲನ್ನು ಹಿಂದಕ್ಕೆ ಬೀಸಿ, ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವ ತನಕ ತಾಳಿ, ಆಮೇಲೆ ಮುಂದಕ್ಕೆ ಬೀಸಬೇಕು. ಆ ತಾಳ್ಮೆಯಲ್ಲೇ ಇರುವುದು ವಿದ್ಯೆಯೆಲ್ಲ. ಮೀನು ಸದಾ ಹರಿವಿಗೆ ಎದುರಾಗಿ ನಿಂತಿರುತ್ತದೆ. ಆದ್ದರಿಂದ ಅದರ ಹಿಂದಿನಿಂದ, ಕೆಳಹರಿವಿನಿಂದ ಕಳ್ಳಹೆಜ್ಜೆಯಲ್ಲಿ ಹೋಗಬೇಕು. ನೆರಳು ಬಿದ್ದರೆ ಕೆಟ್ಟಿತು.

ನಮ್ಮ ಗೆಳೆಯರ ತಾಳ್ಮೆಯ ವಿಚಾರ ಹೇಳುವುದಾದರೆ, ಮೊದಲನೆಯ ನೊಣ ಪೊದೆಯ ಪಾಲಾಯಿತು, ಎರಡನೆಯದು ಬುಟ್ಟಿ ಹೊತ್ತವರ ಕೋಟಿನ ಪಾಲಾಯಿತು. ಮೂರನೆಯದು ಹಿಂದಿನ ದಿಣ್ಣೆಯ ಮೇಲೆ ನಿಂತು ನೋಡುತ್ತಿದ್ದ ಮುದುಕರೊಬ್ಬರ ಬಿಳಿಯ ರುಮಾಲಿಗೆ ಹೋಗಿ ಸಿಕ್ಕಿತು.

ನಮಗೆ ಪ್ರಾಣ ಹೋದಂತಾಯಿತು. ಓಡಿಹೋಗಿ ತಮಿಳಿನಲ್ಲಿ ಕ್ಷಮೆ ಕೇಳಿದೆವು. ಮುದುಕರು ರುಮಾಲನ್ನು ಬಿಚ್ಚಿ ಕೊಕ್ಕೆಯನ್ನು ನಿಧಾನವಾಗಿ ಬಿಡಿಸುತ್ತ, ಒಳಗೊಳಗೇ ನಗುತ್ತ ಏನೋ ಅಂದರು. ಅದು ತಮಿಳಲ್ಲ. ಒಂದು ಕ್ಷಣ ಕಿವಿಯನ್ನೇ ನಂಬಲಿಲ್ಲ. ‘ಮನೆ’ ಎಂದದ್ದು ಕೇಳಿತು, ‘ಹಾಲು’ ಎಂದದ್ದು ಕೇಳಿತು, ನಡುವಿನದು ತಿಳಿಯಲಿಲ್ಲ. ಮಳೆ ಬರುವ ಹಾಗಿದೆ, ಹಟ್ಟಿಯ ಮನೆಗೆ ಬಂದು ಹಾಲು ಕುಡಿದು ಹೋಗಿರಿ ಎಂಬುದು ಅದರ ತಾತ್ಪರ್ಯ. ನಾವು ಕನ್ನಡದಲ್ಲಿ ಉತ್ತರ ಕೊಟ್ಟೆವು. ಅವರ ಮುಖ ಅರಳಿತು. ಅವರಿಗೆ ತಮಿಳು ಚೆನ್ನಾಗಿಯೇ ಬರುತ್ತಿತ್ತು. ಆದರೆ ಅಂದು ಸಂಜೆಯವರೆಗೆ ಒಂದು ತಮಿಳು ಮಾತನ್ನೂ ಅವರು ಆಡಲಿಲ್ಲ, ನಮಗೂ ಆಡಗೊಡಲಿಲ್ಲ. ನೀವು ನಿಮ್ಮದನ್ನು ಆಡಿ, ನಾನು ನನ್ನದನ್ನು ಆಡುತ್ತೇನೆ, ನಿಧಾನವಾಗಿ ಆಡಿದರೆ ಸಾಕು ಎಂಬುದು ಅವರ ಕರಾರು.

ಬಡಗರ ಹೆಸರು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಬಡಗ ಎಂದರೆ ಬಡಗಣ ದಿಕ್ಕಿನವರು, ಉತ್ತರದವರು. ಮೈಸೂರು ಸೀಮೆಯಿಂದ, ವಿಜಯನಗರದ ಪತನದ ನಂತರದ ಗಲಭೆಗಳಲ್ಲಿ ಬೆಟ್ಟ ಹತ್ತಿ ಬಂದವರೆಂದು ಪ್ರತೀತಿ. ಊರಿಗೆ ಅವರು ಹಟ್ಟಿ ಎನ್ನುತ್ತಾರೆ, ತಮ್ಮ ನಾಡಿಗೆ ನಾಕುಬೆಟ್ಟ ಎನ್ನುತ್ತಾರೆ. ಮೂಲತಾಯಿ ಹೆತ್ತೆಗೆ ಹಬ್ಬ ಮಾಡುತ್ತಾರೆ. ಅವರ ನುಡಿ ಎಷ್ಟು ಹತ್ತಿರದ್ದೆಂಬುದಕ್ಕೆ ಹಾಲೊಂದೇ ಸಾಕ್ಷಿ. ತಮಿಳಿನಲ್ಲಿ ಅದು ಪಾಲ್. ನಮ್ಮ ಹಳಗನ್ನಡದಲ್ಲಿಯೂ ಪಾಲ್. ಸುಮಾರು ಹತ್ತನೆಯ ಶತಮಾನದಿಂದೀಚೆಗೆ ನಮ್ಮಲ್ಲಿ ಪಕಾರ ಸಡಿಲಿ ಹಕಾರವಾಯಿತು. ಬಡಗ ನುಡಿಯಲ್ಲಿಯೂ ಹಕಾರವೇ. ಹಾಗಿದ್ದೂ ಅದು ಕನ್ನಡದ ಒಂದು ಕವಲೇ ಎಂದು ವೇದಿಕೆಯಿಂದ ಸಾರಿಬಿಡುವುದು ನಮಗೆ ಸರಿದೋರದು. ನಾಲಗೆಯನ್ನು ಮಡಚಿ ಉಚ್ಚರಿಸುವ ಅದರ ಸ್ವರಗಳು ನಮ್ಮಲ್ಲಿಲ್ಲ. ಎಮೆನೋ ಎಂಬ ವಿದ್ವಾಂಸರು 1939ರಲ್ಲೇ ಅದನ್ನು ಕುರಿತು ಬರೆದರು. 1992ರಲ್ಲಿ ಅದಕ್ಕೆ ದೊಡ್ಡ ನಿಘಂಟೇ ಬಂದಿತು. ಅದು ತಮ್ಮದೇ ಭಾಷೆ ಎಂದು ಬಡಗರು ಹೇಳುತ್ತಾರೆ. ಮನೆಯವರು ಹೇಳಿದ ಮೇಲೆ ಅತಿಥಿಗಳು ವಾದ ಹೂಡುವುದು ಮರ್ಯಾದೆಯಲ್ಲ.

ಮಳೆ ಬಂದೇ ಬಂತು. ಗೌಡರ ಮನೆಯ ಜಗಲಿಯಲ್ಲಿ ಕುಳಿತೆವು. ಸುತ್ತ ಆಲೂಗಡ್ಡೆಯ ಪಾತಿಗಳು, ಕೋಸು, ಅದರಾಚೆ ಚಹಾ. ಗೌಡರು ಟ್ರೌಟಿನ ಮಾತನ್ನು ತಾವೇ ತೆಗೆದರು. ಮೊಟ್ಟೆಯ ಪೆಟ್ಟಿಗೆಗಳನ್ನು ಮರಿಮನೆಗೆ ತಲೆಯ ಮೇಲೆ ಹೊತ್ತವರಲ್ಲಿ ಅವರ ತಂದೆಯೂ ಒಬ್ಬರಂತೆ. ಒಳಗೆ ದೊರೆಯ ಒಡವೆ ಇರಬೇಕೆಂದು ಬಗೆದಿದ್ದರಂತೆ. ತಾವು ಹುಡುಗರಾಗಿದ್ದಾಗ ಕಾಲಾಡಿದ ಹಳ್ಳಗಳು ಈಗ ಕೆರೆಯ ಅಡಿಗೆ ಹೋದವೆಂದರು. ಕೆರೆಯೆಂದದ್ದು ಅವಲಾಂಚಿ, ಎಮೆರಾಲ್ಡ್ ಜಲಾಶಯಗಳನ್ನು. ಕೆನಡಾ ದೇಶದ ನೆರವಿನಿಂದ 1960ರ ಸುಮಾರಿಗೆ ಎದ್ದ ಕುಂದಾ ವಿದ್ಯುತ್ ಯೋಜನೆಯವು. ನಮ್ಮ ಮದರಾಸಿನ ಮನೆಗಳ ದೀಪಕ್ಕೂ ಅಲ್ಲಿಯ ನೀರು ಸೇರಿತ್ತೆಂದು ನಾವು ಹೇಳಲಿಲ್ಲ. ಹುಲ್ಲುಗಾವಲಿನಲ್ಲಿ ಅರಣ್ಯದವರು ನೆಟ್ಟ ಸೀಮೆಜಾಲಿ, ನೀಲಗಿರಿ ಮರಗಳು ಹಳ್ಳದ ನೀರು ಕುಡಿಯುತ್ತಿವೆಯೆಂದು ಅವರು ದೂರಿದರು. ಅದನ್ನು ಪರಿಸರ ಬಲ್ಲವರು ಈಗ ಹೇಳುತ್ತಾರೆ.

ಆಮೇಲೆ ಹುಡುಗನನ್ನು ಹತ್ತಿರ ಕರೆದು ಏನೋ ಕೇಳಿದರು. ಹುಡುಗ ತಮಿಳಿನಲ್ಲಿ ಉತ್ತರಿಸಿದ. ಇನ್ನೊಂದು ಕೇಳಿದರು, ಅವನು ಇಂಗ್ಲಿಷಿನಲ್ಲಿ ಏನೋ ಅಂದು ತಂದೆಯ ಮುಖ ನೋಡಿದ. ಗೌಡರು ನಮ್ಮ ಗೆಳೆಯರ ಕಡೆಗೆ ತಿರುಗಿ ಬಹಳ ಮೃದುವಾಗಿಯೇ ಕೇಳಿದ ಮಾತು ಇಷ್ಟು: ನಮಗೆ ಅಕ್ಷರವಿಲ್ಲ, ಪುಸ್ತಕವಿಲ್ಲ, ಶಾಲೆಯೆಲ್ಲ ತಮಿಳು, ಆದರೂ ನಮ್ಮ ಹಟ್ಟಿಯ ಕೂಸುಗಳು ನಮ್ಮ ಮಾತಾಡುತ್ತಾವೆ. ನಿಮಗೆ ಎಲ್ಲ ಇದೆಯಲ್ಲ, ಈ ಮಗು ಯಾಕೆ ಹೀಗೆ?

ಗೆಳೆಯರು ಉತ್ತರ ಕೊಡಲಿಲ್ಲ. ನಾವೂ ಕೊಡಲಿಲ್ಲ; ನಮ್ಮ ಮನೆಗಳಲ್ಲೇನು ಬೇರೆ ಇತ್ತೇ? ಎಲ್ಲರೂ ಹಾಲಿನ ಲೋಟದೊಳಗೆ ನೋಡುತ್ತ ಕುಳಿತೆವು. ಲೋಟ ಬರಿದಾದಾಗ ಹುಡುಗ ತಾನಾಗಿ ಅದನ್ನು ಮುಂದೆ ಚಾಚಿ, “ಇನ್ನೂ ಹಾಲು” ಎಂದ. ಗೌಡರು ನಕ್ಕು ತುಂಬಿಸಿದರು. ಹೊರಡುವಾಗ ಅವನ ತಲೆಯನ್ನು ಬಗ್ಗಿಸಿ ಮುಟ್ಟಿ “ಬದುಕು, ಬದುಕು” ಎಂದು ಹರಸಿದರು. ಆ ಹರಕೆಗೆ ಅರ್ಥ ಹೇಳಿಕೊಡಬೇಕಾಗಲಿಲ್ಲ.

ಸಂಜೆ ಮಳೆ ನಿಂತ ಮೇಲೆ ಒಂದು ಮೀನು ಸಿಕ್ಕಿತು. ಪರವಾನಗಿಯಲ್ಲಿ ಹೇಳಿದ ಅಳತೆಗಿಂತ ಗಿಡ್ಡ. ಕೈ ಒದ್ದೆ ಮಾಡಿಕೊಂಡು ಕೊಕ್ಕೆ ಬಿಡಿಸಿ, ಹರಿವಿಗೆ ಮುಖ ಮಾಡಿ ಹಿಡಿದು ಬಿಟ್ಟೆವು. ಬುಟ್ಟಿ ಹೊತ್ತವರು ಖಾಲಿ ಬುಟ್ಟಿಯನ್ನೇ ಹೊತ್ತು ತಂದರು.

2019ರ ಆಗಸ್ಟ್ 8ರಂದು ಅವಲಾಂಚಿಯಲ್ಲಿ ಒಂದೇ ದಿನಕ್ಕೆ 80 ಸೆಂಟಿಮೀಟರಿಗೂ ಮಿಕ್ಕಿ ಮಳೆ ಬಿದ್ದು ಗುಡ್ಡಗಳು ಜರಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಆ ರಾತ್ರಿ ನಮಗೆ ದೂರದೇಶದಿಂದ ಫೋನು ಬಂತು. ಅದೇ ಹುಡುಗ, ಐವತ್ತು ದಾಟಿದವನು. “ಅಂಕಲ್, ಗೌಡರು ಮನೆ ಹೇಗೆ ಇದೆ? ಗುಡ್ಡ ಬಿದ್ದಿದೆಯೋ?” ಎಂದು ಕೇಳಿದ. ವಿಭಕ್ತಿ ತಪ್ಪಿತ್ತು, ತಿದ್ದಲಿಲ್ಲ. ಹಟ್ಟಿ ದಿಣ್ಣೆಯ ಮೇಲಿತ್ತಪ್ಪ, ಏನೂ ಆಗಿರಲಾರದು ಎಂದೆವು.